ಕಾಲ್ ಮೊದಲು, ಡೌನ್‌ಲೋಡ್ ಆಮೇಲೆ: ಮೈಕ್ರೋಟಿಕ್ ರೂಟರಿನಲ್ಲಿ ಪ್ಯಾಕೆಟ್ ಮಾರ್ಕಿಂಗ್, ಸಮಗ್ರ ಮಾರ್ಗದರ್ಶಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಎಷ್ಟೋ ಒಳ ಊರುಗಳಲ್ಲಿ ಮೊಬೈಲ್ ಸಿಗ್ನಲ್ ಅಂಗಳದ ಒಂದು ಮೂಲೆಯಲ್ಲಿ ಮಾತ್ರ ಸಿಗುತ್ತದೆ. ಆದರೆ ಮನೆಯೊಳಗೆ ಫೈಬರ್ ಬಂದಿದೆ. ಹಾಗಾಗಿ ಫೋನ್ ಕರೆಯೂ ವೈಫೈ ಕಾಲಿಂಗ್ ಮೂಲಕವೇ ಬರುತ್ತದೆ. ಮಗನ ಬೆಂಗಳೂರಿನ ಕೆಲಸ, ಆಯಿಯ ವಾಟ್ಸಾಪ್ ಕಾಲ್, ಅಡಿಕೆ ಅಂಗಳ ಕಾಯುವ ಸಿಸಿಟಿವಿ, ಮಕ್ಕಳ ಯೂಟ್ಯೂಬ್, ಎಲ್ಲಕ್ಕೂ ಅದೊಂದೇ ಎಳೆ. ಮಾರಿಕಾಂಬಾ ಜಾತ್ರೆಗೆ ನೆಂಟರು ಬಂದಿಳಿದರೆ ಅದೇ ವೈಫೈಗೆ ಇನ್ನೂ ಹತ್ತು ಫೋನ್ ಸೇರುತ್ತವೆ. ಒಬ್ಬರ ಫೋನು ದಿನವಿಡೀ ತೆಗೆದ ವಿಡಿಯೋಗಳನ್ನು ಬ್ಯಾಕಪ್ ಮಾಡಲು ಶುರು ಮಾಡಿತೋ, ಮೀಟಿಂಗ್‌ನಲ್ಲಿದ್ದವರ ಮಾತು ತುಂಡು ತುಂಡಾಗುತ್ತದೆ.

ಇದಕ್ಕೆ ದೊಡ್ಡ ಪ್ಲಾನ್ ತಗೊಳ್ಳುವುದೇ ಮದ್ದು ಎಂದು ಹೆಚ್ಚಿನವರು ಹೇಳುತ್ತಾರೆ. ನನಗೆ ಹಾಗನಿಸುವುದಿಲ್ಲ. 100 ಎಂಬಿಪಿಎಸ್ ಲೈನನ್ನೂ ಒಂದೇ ಒಂದು ಅಪ್‌ಲೋಡ್ ತುಂಬಿಸಬಲ್ಲದು. ಇಂಟರ್ನೆಟ್‌ನಲ್ಲಿ ಎಲ್ಲವೂ ಪ್ಯಾಕೆಟ್ ಎಂಬ ಸಣ್ಣ ಸಣ್ಣ ತುಂಡುಗಳಾಗಿ ಹೋಗುತ್ತದೆ. ಯಾವ ಪ್ಯಾಕೆಟ್ ಮೊದಲು ಹೋಗಬೇಕು, ಯಾವುದು ಕಾಯಬಹುದು ಎಂದು ರೂಟರಿಗೆ ಹೇಳಿಕೊಡುವುದು ಹೆಚ್ಚು ಉಪಯೋಗ. ಇಲ್ಲಿ ಅದನ್ನು ಮೈಕ್ರೋಟಿಕ್ ರೂಟರಿನಲ್ಲಿ, ಅದರ ಸಾಫ್ಟ್‌ವೇರ್ ಆದ ರೂಟರ್‌ಓಎಸ್ 7ರಲ್ಲಿ, ವಿನ್‌ಬಾಕ್ಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ಮೂಲಕ ಮಾಡುವ ಕ್ರಮ ಬರೆದಿದ್ದೇನೆ. 100 ಎಂಬಿಪಿಎಸ್ ಒಳಗಿನ ಲೈನಿಗೆ ಹೆಕ್ಸ್‌ನಂಥ ಸಣ್ಣ ಪೆಟ್ಟಿಗೆಯೇ ಸಾಕು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಮಾರ್ಕ್ ಮಾಡಿದ ಮಾತ್ರಕ್ಕೆ ಯಾವ ಪ್ಯಾಕೆಟ್ಟೂ ಬೇಗ ಹೋಗುವುದಿಲ್ಲ. ಅಡಿಕೆ ಮೂಟೆ ಮೇಲೆ ಗುರುತು ಬರೆದರೆ ಅದು ಯಾರದ್ದು ಎಂದು ಗೊತ್ತಾಗುತ್ತದೆ ಅಷ್ಟೇ, ಲಾರಿಗೆ ಮೊದಲು ಏರಿಸುವವರು ಬೇರೆ. ರೂಟರಿನಲ್ಲಿ ಗುರುತು ಬರೆಯುವ ಜಾಗ ಮ್ಯಾಂಗಲ್, ಆ ಏರಿಸುವ ಕೆಲಸ ಕ್ಯೂ ಟ್ರೀಯದ್ದು. ಸುಮ್ನೆ ಮ್ಯಾಂಗಲ್ ನಿಯಮ ಹಾಕಿ "ಏನೂ ಬದಲಾಗಲಿಲ್ಲ" ಎನ್ನುವವರು ಈ ಎರಡನೇ ಅರ್ಧ ಬಿಟ್ಟಿರುತ್ತಾರೆ.

ಶುರು ಮಾಡುವ ಮುಂಚೆ

ಎಲ್ಲಾ ಫೋನು, ಲ್ಯಾಪ್‌ಟಾಪ್, ಕ್ಯಾಮೆರಾ ಮೈಕ್ರೋಟಿಕ್‌ನ ಹಿಂದೆಯೇ ಇರಬೇಕು. ಫೈಬರ್ ಹಾಕಿದವರು ಕೊಟ್ಟ ಓಎನ್‌ಟಿ ಪೆಟ್ಟಿಗೆಗೂ ತನ್ನದೇ ವೈಫೈ ಇರುತ್ತದೆ. ಅರ್ಧ ಮನೆ ಅದಕ್ಕೇ ಅಂಟಿಕೊಂಡಿದ್ದರೆ ಆ ಟ್ರಾಫಿಕ್ ಮೈಕ್ರೋಟಿಕ್‌ಗೆ ಕಾಣುವುದೇ ಇಲ್ಲ. ಓಎನ್‌ಟಿಯ ವೈಫೈ ಬಂದ್ ಮಾಡಿ. ಸಾಧ್ಯವಾದರೆ ಅದನ್ನು ಬ್ರಿಡ್ಜ್ ಮೋಡ್‌ಗೆ (ಸಿಗ್ನಲ್ ದಾಟಿಸುವುದಷ್ಟೇ ಅದರ ಕೆಲಸ) ಹಾಕಿಸಿ, ಪಿಪಿಪಿಒಇ (ಇಂಟರ್ನೆಟ್ ಕಂಪನಿಗೆ ಲಾಗಿನ್ ಆಗುವ ವಿಧಾನ) ಯೂಸರ್‌ನೇಮ್ ಮತ್ತು ಪಾಸ್‌ವರ್ಡನ್ನು ಮೈಕ್ರೋಟಿಕ್‌ನಲ್ಲೇ ಕೊಡಿ.

ಆಮೇಲೆ ಲೈನ್ ಅಳೆಯಿರಿ. ವೈಫೈ ಅಲ್ಲ, ಕೇಬಲ್ ಹಾಕಿ. ಬೆಳಿಗ್ಗೆ ಒಮ್ಮೆ, ರಾತ್ರಿ ಎಂಟು ಗಂಟೆ ಹೊತ್ತಿಗೆ ಒಮ್ಮೆ. ಕಡಿಮೆ ಬಂದ ಅಂಕಿಯೇ ನಮಗೆ ಬೇಕಾದದ್ದು. ಈ ಲೇಖನದ ಉದ್ದಕ್ಕೂ 30 ಎಂಬಿಪಿಎಸ್ ಪ್ಲಾನ್, ರಾತ್ರಿ ಹೊತ್ತು ಎರಡೂ ಕಡೆಗೆ 28 ಸಿಗುವ ಲೈನ್ ಎಂದಿಟ್ಟುಕೊಳ್ಳೋಣ.

ಇನ್ನೊಂದು ಪರೀಕ್ಷೆ ಇದಕ್ಕಿಂತ ಮುಖ್ಯ. ಲ್ಯಾಪ್‌ಟಾಪಿನಲ್ಲಿ 8.8.8.8ಗೆ (ಗೂಗಲ್‌ನ ಸರ್ವರ್) ಪಿಂಗ್, ಅಂದರೆ ಹೋಗಿ ಬರುವ ಸಮಯ ಅಳೆಯುವ ಪರೀಕ್ಷೆ, ಬಿಟ್ಟುಕೊಂಡು, ಫೋನಿನಿಂದ ಒಂದು ದೊಡ್ಡ ವಿಡಿಯೋ ಅಪ್‌ಲೋಡ್ ಮಾಡಿ. ಸುಮ್ಮನಿದ್ದಾಗ 20-30 ಮಿಲಿಸೆಕೆಂಡ್ ತೋರಿಸುತ್ತಿದ್ದ ಪಿಂಗ್ ಅಪ್‌ಲೋಡ್ ನಡೆಯುವಾಗ 300, 400ಕ್ಕೆ ಏರಿದರೆ ನಿಮ್ಮ ರೋಗ ಇದೇ. ಪ್ಯಾಕೆಟ್‌ಗಳು ಎಲ್ಲೋ ಒಂದು ಬಫರ್‌ನಲ್ಲಿ ರಾಶಿ ಬಿದ್ದಿವೆ. ಏರಲೇ ಇಲ್ಲವೆಂದರೆ ತೊಂದರೆ ಬೇರೆ ಕಡೆ ಇದೆ. ದಪ್ಪ ಮಣ್ಣಿನ ಗೋಡೆ ದಾಟದ ವೈಫೈ ಇರಬಹುದು, ಮಳೆಗಾಲದಲ್ಲಿ ಮರ ಬಿದ್ದು ಜಗ್ಗಿದ ಕೇಬಲ್ ಇರಬಹುದು. ಅದಕ್ಕೆ ಯಾವ ಮಾರ್ಕೂ ಮದ್ದಲ್ಲ.

ಕೊನೆಯದಾಗಿ, ಫೈಲ್ಸ್ ಮೆನುವಿನಲ್ಲಿ ಬ್ಯಾಕಪ್ ತೆಗೆದು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಕೆಲಸ ಮಾಡುವಾಗ ವಿನ್‌ಬಾಕ್ಸ್‌ನ ಸೇಫ್ ಮೋಡ್ ಗುಂಡಿ ಒತ್ತಿರಲಿ. ಏನಾದರೂ ಎಡವಟ್ಟಾಗಿ ಸಂಪರ್ಕ ತಪ್ಪಿದರೆ ಅದು ತಾನಾಗಿ ಹಿಂದಿನ ಸ್ಥಿತಿಗೆ ಹೋಗುತ್ತದೆ. ಕೆಲಸ ಮುಗಿದ ಮೇಲೆ ಸೇಫ್ ಮೋಡ್ ಬಿಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಮಾಡಿದ್ದೆಲ್ಲ ನೀರಿಗೆ ಹೋಮ.

ಮೊದಲ ಹೆಜ್ಜೆ: ಫಾಸ್ಟ್‌ಟ್ರ್ಯಾಕ್ ನಿಲ್ಲಿಸಿ

ಐಪಿ, ಫೈರ್‌ವಾಲ್, ಫಿಲ್ಟರ್ ರೂಲ್ಸ್‌ಗೆ ಹೋಗಿ. ಕಂಪನಿಯಿಂದ ಬಂದ ಸೆಟ್ಟಿಂಗ್‌ನಲ್ಲಿ ಫಾರ್ವರ್ಡ್ ಚೈನ್‌ನಲ್ಲಿ (ರೂಟರ್ ಮೂಲಕ ಹಾದುಹೋಗುವ ಟ್ರಾಫಿಕ್‌ನ ನಿಯಮಗಳ ಸಾಲು) ಫಾಸ್ಟ್‌ಟ್ರ್ಯಾಕ್ ಕನೆಕ್ಷನ್ ಎಂಬ ನಿಯಮ ಇರುತ್ತದೆ. ವೇಗಕ್ಕಾಗಿ ಅದು ಪ್ಯಾಕೆಟ್‌ಗಳನ್ನು ಅಡ್ಡದಾರಿಯಲ್ಲಿ ಕಳಿಸುತ್ತದೆ. ಆ ದಾರಿಯಲ್ಲಿ ಮ್ಯಾಂಗಲ್ ಸಿಗುವುದೇ ಇಲ್ಲ. ನಿಯಮವನ್ನು ಅಳಿಸಬೇಡಿ, ಡಿಸೇಬಲ್ ಮಾಡಿ. ಮುಂದೆ ಯಾವಾಗಲಾದರೂ ಬೇಕಾದೀತು. ಈಗಾಗಲೇ ಶುರುವಾಗಿರುವ ಕನೆಕ್ಷನ್‌ಗಳು ಮುಗಿಯುವವರೆಗೆ ಹಳೆಯ ದಾರಿಯಲ್ಲೇ ಓಡುತ್ತವೆ. ಹಾಗಾಗಿ ಸೇಫ್ ಮೋಡ್ ಬಿಟ್ಟು ರೂಟರನ್ನು ಒಮ್ಮೆ ರೀಬೂಟ್ ಮಾಡಿ, ಆಮೇಲೆ ಸೇಫ್ ಮೋಡ್ ಮತ್ತೆ ಒತ್ತಿ.

ಇದರಿಂದ ಪ್ರೊಸೆಸರ್ ಮೇಲೆ ಹೊರೆ ಸ್ವಲ್ಪ ಜಾಸ್ತಿ ಆಗುತ್ತದೆ. ನಮ್ಮ ಲೈನ್‌ಗಳ ವೇಗಕ್ಕೆ ಅದು ಲೆಕ್ಕಕ್ಕಿಲ್ಲ.

ಎರಡನೇ ಹೆಜ್ಜೆ: ವಿಳಾಸ ಗಟ್ಟಿ ಮಾಡಿ

ಐಪಿ, ಡಿಎಚ್‌ಸಿಪಿ ಸರ್ವರ್, ಲೀಸಸ್ ತೆರೆಯಿರಿ. ರೂಟರ್ ಯಾವ ಸಾಧನಕ್ಕೆ ಯಾವ ವಿಳಾಸ ಕೊಟ್ಟಿದೆ ಎಂಬ ಪಟ್ಟಿ ಅದು. ಇಲ್ಲಿ ಸಿಸಿಟಿವಿಯ ಡಿವಿಆರ್ (ರೆಕಾರ್ಡರ್) ಮತ್ತು ಆಫೀಸ್ ಲ್ಯಾಪ್‌ಟಾಪ್ ಎರಡನ್ನೂ ಹುಡುಕಿ ಮೇಕ್ ಸ್ಟ್ಯಾಟಿಕ್ ಒತ್ತಿ. ಡಿವಿಆರ್‌ಗೆ 192.168.88.20, ಲ್ಯಾಪ್‌ಟಾಪಿಗೆ 192.168.88.10 ಕೊಟ್ಟೆವು ಎನ್ನೋಣ. ಉಳಿದವರಿಗೆ ಬೇಡ. ನೆಂಟರ ಫೋನಿಗೆಲ್ಲ ವಿಳಾಸ ಕಟ್ಟುತ್ತಾ ಕೂರುವುದು ವ್ಯರ್ಥ ಕೆಲಸ.

ಮೂರನೇ ಹೆಜ್ಜೆ: ಮ್ಯಾಂಗಲ್

ಇದೇ ಮುಖ್ಯ ಭಾಗ. ಮೂರು ವರ್ಗ ಸಾಕು: ಕಾಲ್, ಸಾದಾ, ಭಾರ. ಏಳೆಂಟು ವರ್ಗ ಮಾಡುವವರನ್ನು ನೋಡಿದ್ದೇನೆ. ಆಟಕ್ಕೊಂದು, ಯೂಟ್ಯೂಬ್‌ಗೊಂದು, ಫೇಸ್‌ಬುಕ್‌ಗೊಂದು. ಆರು ತಿಂಗಳ ಮೇಲೆ ಅವರಿಗೇ ಅದು ಅರ್ಥವಾಗುವುದಿಲ್ಲ.

ಮಾರ್ಕಿಂಗ್ ಎರಡು ಹಂತದಲ್ಲಿ ಮಾಡಬೇಕು. ಮೊದಲು ಕನೆಕ್ಷನ್‌ಗೆ (ಒಂದು ಕಾಲ್ ಅಥವಾ ಡೌನ್‌ಲೋಡ್‌ನ ಹೋಗಿ ಬರುವ ಪೂರ್ತಿ ಸಂಪರ್ಕಕ್ಕೆ) ಮಾರ್ಕ್, ಆಮೇಲೆ ಆ ಕನೆಕ್ಷನ್‌ನ ಪ್ಯಾಕೆಟ್‌ಗಳಿಗೆ ಮಾರ್ಕ್. ನೇರವಾಗಿ ಪ್ಯಾಕೆಟ್‌ಗೇ ಹಾಕಬಹುದಲ್ವಾ? ಹಾಕಬಹುದು. ಆದರೆ ಆಗ ಹೋಗುವ ಪ್ಯಾಕೆಟ್‌ಗೆ ಒಂದು ನಿಯಮ, ಬರುವ ಪ್ಯಾಕೆಟ್‌ಗೆ ಇನ್ನೊಂದು ನಿಯಮ ಬೇಕು. ಕನೆಕ್ಷನ್ ಮಾರ್ಕ್ ಮಾಡಿದರೆ ರೂಟರ್ ಅದನ್ನು ನೆನಪಿಟ್ಟುಕೊಳ್ಳುತ್ತದೆ, ಎರಡೂ ದಿಕ್ಕಿಗೆ ಅದೇ ಅನ್ವಯ.

ಚೈನ್ ಎಲ್ಲದಕ್ಕೂ ಫಾರ್ವರ್ಡ್ ಇರಲಿ. ಅಲ್ಲಿ ಮನೆಯೊಳಗಿನ ವಿಳಾಸಗಳು ನ್ಯಾಟ್‌ನಿಂದ (ಮನೆಯ ವಿಳಾಸಗಳನ್ನು ಹೊರಗಿನ ವಿಳಾಸಕ್ಕೆ ಬದಲಿಸುವ ಕೆಲಸ) ಬದಲಾಗದೆ ಹಾಗೇ ಕಾಣುತ್ತವೆ, ಎರಡೂ ದಿಕ್ಕಿನಲ್ಲಿ.

ಐಪಿ, ಫೈರ್‌ವಾಲ್, ಮ್ಯಾಂಗಲ್ ತೆರೆಯಿರಿ. ಹೆಸರುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ರೂಟರಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ. ಕೊನೆಯಲ್ಲಿ "ಸಿ" ಇದ್ದರೆ ಕನೆಕ್ಷನ್, "ಪಿ" ಇದ್ದರೆ ಪ್ಯಾಕೆಟ್. ಕೆಳಗಿನ ಏಳು ನಿಯಮಗಳಲ್ಲೂ ಆಕ್ಷನ್ ಮಾರ್ಕ್ ಕನೆಕ್ಷನ್, ಪಾಸ್‌ಥ್ರೂ (ಮುಂದಿನ ನಿಯಮಗಳನ್ನೂ ಓದಲು ಬಿಡುವುದು) ಟಿಕ್ ಇರಬೇಕು. ಮೊದಲ ಐದರಲ್ಲಿ ಕನೆಕ್ಷನ್ ಮಾರ್ಕ್ ಎಂಬಲ್ಲಿ ನೋ-ಮಾರ್ಕ್ ಆರಿಸಿ. ಒಮ್ಮೆ ಗುರುತು ಬಿದ್ದದ್ದರ ಮೇಲೆ ಮತ್ತೆ ಬರೆಯಬಾರದು ಎಂದು ಅದರ ಅರ್ಥ. ಯುಡಿಪಿ, ಟಿಸಿಪಿ ಎಂದರೆ ಡೇಟಾ ಕಳಿಸುವ ಎರಡು ವಿಧಾನ, ಪೋರ್ಟ್ ಎಂದರೆ ಅದು ಯಾವ ಸೇವೆಗೆ ಎಂದು ತಿಳಿಸುವ ಅಂಕಿ.

1. ಯುಡಿಪಿ, ಡೆಸ್ಟಿನೇಷನ್ ಪೋರ್ಟ್ 3478-3481,8801-8810,19305-19309. ಹೊಸ ಮಾರ್ಕ್ ಕಾಲ್-ಸಿ. ಟೀಮ್ಸ್ 3478ರಿಂದ 3481, ಜೂಮ್ 8801ರಿಂದ 8810, ಗೂಗಲ್ ಮೀಟ್ 19305ರಿಂದ 19309 ಬಳಸುತ್ತವೆ. ವಾಟ್ಸಾಪ್ ಕಾಲ್‌ಗಳೂ ಬಹಳಷ್ಟು ಸಲ 3478ರಲ್ಲಿ ಹೋಗುತ್ತವೆ.

2. ಸೋರ್ಸ್ ಅಡ್ರೆಸ್ 192.168.88.10, ಯುಡಿಪಿ, ಡೆಸ್ಟಿನೇಷನ್ ಪೋರ್ಟ್ 500,4500 ಅಥವಾ ನಿಮ್ಮ ಆಫೀಸಿನ ವಿಪಿಎನ್ (ಆಫೀಸಿನ ಜಾಲಕ್ಕೆ ಸೇರುವ ಗುಪ್ತ ದಾರಿ) ಬಳಸುವ ಪೋರ್ಟ್. ಹೊಸ ಮಾರ್ಕ್ ಆಫೀಸ್-ಸಿ.

3. ಯುಡಿಪಿ, ಡೆಸ್ಟಿನೇಷನ್ ಪೋರ್ಟ್ 500,4500. ಹೊಸ ಮಾರ್ಕ್ ಕಾಲ್-ಸಿ. ಇದು ವೈಫೈ ಕಾಲಿಂಗ್.

4. ಸೋರ್ಸ್ ಅಡ್ರೆಸ್ 192.168.88.20. ಹೊಸ ಮಾರ್ಕ್ ಭಾರ-ಸಿ. ಇದು ಡಿವಿಆರ್.

5. ಬೇರೇನೂ ಷರತ್ತಿಲ್ಲ, ನೋ-ಮಾರ್ಕ್ ಮಾತ್ರ. ಹೊಸ ಮಾರ್ಕ್ ಸಾದಾ-ಸಿ.

6. ಕನೆಕ್ಷನ್ ಮಾರ್ಕ್ ಸಾದಾ-ಸಿ, ಪ್ರೋಟೋಕಾಲ್ ಟಿಸಿಪಿ, ಅಡ್ವಾನ್ಸ್ಡ್ ಟ್ಯಾಬ್‌ನಲ್ಲಿ ಕನೆಕ್ಷನ್ ಬೈಟ್ಸ್ 10000000-0. ಹೊಸ ಮಾರ್ಕ್ ಭಾರ-ಸಿ.

7. ಆರರಂತೆಯೇ, ಆದರೆ ಯುಡಿಪಿ ಮತ್ತು ಎನಿ ಪೋರ್ಟ್ 443.

ಎರಡು ಮತ್ತು ಮೂರನ್ನು ಸ್ವಲ್ಪ ನಿಂತು ನೋಡಿ. ವೈಫೈ ಕಾಲಿಂಗ್ ಎಂದರೆ ಫೋನು ನಿಮ್ಮ ಮೊಬೈಲ್ ಕಂಪನಿಯ ಗೇಟ್‌ವೇ ತನಕ ಒಂದು ಐಪಿಸೆಕ್ ಸುರಂಗ ಕೊರೆಯುತ್ತದೆ, ಅದರ ಪೋರ್ಟ್ 500 ಮತ್ತು 4500. ಅನೇಕ ಆಫೀಸ್ ವಿಪಿಎನ್‌ಗಳದ್ದೂ ಅದೇ ಪೋರ್ಟ್. ಪೋರ್ಟ್ ನೋಡಿ ಮಾತ್ರ ಮಾರ್ಕ್ ಮಾಡಿದರೆ ಲ್ಯಾಪ್‌ಟಾಪಿನ ವಿಪಿಎನ್ ಒಳಗೆ ನಡೆಯುವ ಎರಡು ಜಿಬಿ ಡೌನ್‌ಲೋಡೂ "ಕಾಲ್" ಆಗಿಬಿಡುತ್ತದೆ. ಅದಕ್ಕೇ ಲ್ಯಾಪ್‌ಟಾಪಿನ ನಿಯಮ ಮೇಲೆ, ವೈಫೈ ಕಾಲಿಂಗ್ ಕೆಳಗೆ. ನಿಯಮಗಳನ್ನು ರೂಟರ್ ಮೇಲಿನಿಂದ ಕೆಳಕ್ಕೆ ಓದುತ್ತದೆ. ಈ ಎರಡನ್ನು ಅದಲು ಬದಲು ಮಾಡಿದರೆ ಕಥೆ ಮುಗಿಯಿತು.

ಆಫೀಸ್ ವಿಪಿಎನ್‌ಗೆ ಬೇರೆ ಮಾರ್ಕ್ ಯಾಕೆಂದರೆ, ಅದರೊಳಗೆ ಏನಿದೆ ಎಂದು ರೂಟರಿಗೆ ಕಾಣುವುದಿಲ್ಲ. ಮೀಟಿಂಗೂ ಅದೇ, ಫೈಲೂ ಅದೇ. ಅದನ್ನು ಎಲ್ಲರಿಗಿಂತ ಮೇಲೂ ಕೂರಿಸುವುದಿಲ್ಲ, ಭಾರಕ್ಕೂ ತಳ್ಳುವುದಿಲ್ಲ. ಸಾದಾ ವರ್ಗದಲ್ಲೇ ಕಾಯಂ ಇಡುತ್ತೇವೆ.

ಆರನೆಯ ನಿಯಮ ನನಗೆ ಎಲ್ಲಕ್ಕಿಂತ ಇಷ್ಟ. 10000000-0 ಅಂದರೆ ಒಂದು ಕನೆಕ್ಷನ್ 10 ಎಂಬಿ ದಾಟಿತೆಂದರೆ, ಮೇಲಿನ ಮಿತಿ ಇಲ್ಲದೆ, ಅದು ಭಾರ. ಯುಪಿಐ ಪಾವತಿ, ಮೇಲ್, ಪೇಪರ್ ಓದುವುದು 10 ಎಂಬಿ ಹತ್ತಿರವೂ ಬರುವುದಿಲ್ಲ. ಫೋಟೋ ಬ್ಯಾಕಪ್, ಆ್ಯಪ್ ಅಪ್‌ಡೇಟ್, ಸಿನಿಮಾ ಎಲ್ಲ ಕ್ಷಣದಲ್ಲಿ ದಾಟುತ್ತವೆ. ಯಾವ ಕಂಪನಿ, ಯಾವ ಆ್ಯಪ್ ಎಂದು ಪಟ್ಟಿ ಮಾಡುತ್ತಾ ಕೂರಬೇಕಿಲ್ಲ, ನಡತೆ ನೋಡಿಯೇ ಗೊತ್ತಾಗುತ್ತದೆ. ಏಳನೆಯದು ಕ್ವಿಕ್ ಎಂಬ ಪ್ರೋಟೋಕಾಲ್‌ಗಾಗಿ. ಯೂಟ್ಯೂಬ್ ಹೆಚ್ಚಾಗಿ ಅದರಲ್ಲೇ ಬರುತ್ತದೆ, ಯುಡಿಪಿ 443ರಲ್ಲಿ. ಎಲ್ಲಾ ಯುಡಿಪಿಗೂ ಈ ನಿಯಮ ಹಾಕಬೇಡಿ. ವಾಟ್ಸಾಪ್ ಕಾಲ್ ಕೆಲವೊಮ್ಮೆ ಎರಡು ಫೋನುಗಳ ನಡುವೆ ನೇರವಾಗಿ, ಯಾವುದೋ ಪೋರ್ಟ್‌ನಲ್ಲಿ ನಡೆಯುತ್ತದೆ. ಮಾತು ಉದ್ದವಾದರೆ ಅದೂ 10 ಎಂಬಿ ದಾಟಿ ಭಾರವಾಗಿ, ಅರ್ಧ ಮಾತಿನಲ್ಲೇ ಹಾಳಾಗುತ್ತದೆ.

ಈಗ ಪ್ಯಾಕೆಟ್ ಮಾರ್ಕ್. ನಾಲ್ಕು ನಿಯಮ, ಮೇಲಿನ ಏಳರ ಕೆಳಗೆ. ಕಾಲ್-ಸಿ ಇದ್ದರೆ ಕಾಲ್-ಪಿ. ಆಫೀಸ್-ಸಿ ಇದ್ದರೆ ಸಾದಾ-ಪಿ. ಸಾದಾ-ಸಿ ಇದ್ದರೆ ಸಾದಾ-ಪಿ. ಭಾರ-ಸಿ ಇದ್ದರೆ ಭಾರ-ಪಿ. ಆಕ್ಷನ್ ಮಾರ್ಕ್ ಪ್ಯಾಕೆಟ್, ಇಲ್ಲಿ ಪಾಸ್‌ಥ್ರೂ ಟಿಕ್ ತೆಗೆಯಿರಿ. ಗುರುತು ಬಿದ್ದ ಮೇಲೆ ಉಳಿದ ನಿಯಮಗಳನ್ನು ಓದಿಸಿ ಪ್ರಯೋಜನವಿಲ್ಲ.

ಎಲ್ಲ ಮುಗಿದ ಮೇಲೆ ಸೇಫ್ ಮೋಡ್ ಬಿಟ್ಟು ಇನ್ನೊಮ್ಮೆ ರೀಬೂಟ್ ಮಾಡಿ. ನಿಯಮ ಬರೆಯುವ ಹೊತ್ತಿಗೆ ನಡೆಯುತ್ತಿದ್ದ ಕಾಲ್‌ಗಳಿಗೆ ತಪ್ಪು ಗುರುತು ಬಿದ್ದಿರಬಹುದು.

ನಾಲ್ಕನೇ ಹೆಜ್ಜೆ: ಕ್ಯೂ ಟ್ರೀ

ಮೊದಲು ಕ್ಯೂಸ್, ಕ್ಯೂ ಟೈಪ್ಸ್‌ನಲ್ಲಿ ಎಫ್‌ಕ್ಯೂ-ಕೋಡೆಲ್ ಬಗೆಯ ಒಂದು ಟೈಪ್ ಮಾಡಿಟ್ಟುಕೊಳ್ಳಿ. ಒಂದೇ ವರ್ಗದೊಳಗೆ ಒಬ್ಬನ ಡೌನ್‌ಲೋಡ್ ಇನ್ನೊಬ್ಬನನ್ನು ತುಳಿಯದಂತೆ ಅದು ನೋಡಿಕೊಳ್ಳುತ್ತದೆ.

ಕ್ಯೂ ಟ್ರೀ ಟ್ಯಾಬ್‌ನಲ್ಲಿ ಅಪ್‌ಲೋಡ್‌ಗೊಂದು ತಾಯಿ ಕ್ಯೂ: ಪೇರೆಂಟ್ ಆಗಿ ಪಿಪಿಪಿಒಇ ಇಂಟರ್‌ಫೇಸ್, ಮ್ಯಾಕ್ಸ್ ಲಿಮಿಟ್ 25ಎಂ (ಹೆಚ್ಚೆಂದರೆ 25 ಎಂಬಿಪಿಎಸ್). ಡೌನ್‌ಲೋಡ್‌ಗೊಂದು: ಪೇರೆಂಟ್ ಆಗಿ ಮನೆಯ ಕಡೆಯ ಬ್ರಿಡ್ಜ್, ಅದಕ್ಕೂ 25ಎಂ. ಓಎನ್‌ಟಿ ಬ್ರಿಡ್ಜ್ ಮೋಡ್‌ನಲ್ಲಿ ಇಲ್ಲದಿದ್ದರೆ ಪಿಪಿಪಿಒಇ ಬದಲು ಓಎನ್‌ಟಿಗೆ ಹೋಗುವ ಪೋರ್ಟ್ ಆರಿಸಿ.

28 ಸಿಗುವಾಗ 25 ಯಾಕೆ? ರಾಶಿ ಬೀಳುವ ಜಾಗ ನಮ್ಮ ರೂಟರೇ ಆಗಬೇಕು, ಅದಕ್ಕೆ. ರೂಟರ್ 28ಕ್ಕಿಂತ ಜಾಸ್ತಿ ಬಿಟ್ಟರೆ ಪ್ಯಾಕೆಟ್‌ಗಳು ಮುಂದೆ ಓಎನ್‌ಟಿಯಲ್ಲೋ ಕಂಪನಿಯ ಕಡೆಯಲ್ಲೋ ರಾಶಿ ಬೀಳುತ್ತವೆ. ಅಲ್ಲಿ ನಮ್ಮ ಮಾರ್ಕ್‌ಗೆ ಬೆಲೆ ಇಲ್ಲ. ಪ್ಯಾಕೆಟ್ ಮಾರ್ಕ್ ಎನ್ನುವುದು ರೂಟರಿನೊಳಗಿನ ಗುರುತು, ಹೊಸ್ತಿಲು ದಾಟಿದ ಕೂಡಲೇ ಇಲ್ಲ. ಹಾಗಾಗಿ ಮೂರು ಎಂಬಿಪಿಎಸ್ ಬಿಟ್ಟುಕೊಟ್ಟು ಹಿಡಿತ ಕೊಳ್ಳುತ್ತಿದ್ದೇವೆ. ಇದಕ್ಕೆ ಮನಸ್ಸು ಒಪ್ಪದವರು 28 ಎಂದೇ ಬರೆಯುತ್ತಾರೆ, ಆಮೇಲೆ ಏನೂ ಸರಿಯಾಗಲಿಲ್ಲ ಎನ್ನುತ್ತಾರೆ.

ಪ್ರತಿ ತಾಯಿಯ ಕೆಳಗೆ ಮೂರು ಮರಿ ಕ್ಯೂ:

ಕಾಲ್: ಪ್ಯಾಕೆಟ್ ಮಾರ್ಕ್ ಕಾಲ್-ಪಿ, ಪ್ರಯಾರಿಟಿ 1, ಲಿಮಿಟ್ ಅಟ್ 6ಎಂ, ಮ್ಯಾಕ್ಸ್ ಲಿಮಿಟ್ 25ಎಂ.
ಸಾದಾ: ಸಾದಾ-ಪಿ, ಪ್ರಯಾರಿಟಿ 4, ಲಿಮಿಟ್ ಅಟ್ 8ಎಂ, ಮ್ಯಾಕ್ಸ್ ಲಿಮಿಟ್ 25ಎಂ.
ಭಾರ: ಭಾರ-ಪಿ, ಪ್ರಯಾರಿಟಿ 8, ಲಿಮಿಟ್ ಅಟ್ 2ಎಂ, ಮ್ಯಾಕ್ಸ್ ಲಿಮಿಟ್ 24ಎಂ.

ಸಾದಾ, ಭಾರ ಎರಡಕ್ಕೂ ಕ್ಯೂ ಟೈಪ್ ಎಫ್‌ಕ್ಯೂ-ಕೋಡೆಲ್.

ಇಲ್ಲಿ 1 ಅಂದರೆ ಎಲ್ಲರಿಗಿಂತ ಮೇಲೆ, 8 ಅಂದರೆ ಕೊನೆ. ಪ್ರಯಾರಿಟಿ ನಡೆಯುವುದು ಮರಿ ಕ್ಯೂಗಳಲ್ಲಿ ಮಾತ್ರ, ತಾಯಿಗೆ ಏನು ಬರೆದರೂ ವ್ಯತ್ಯಾಸವಿಲ್ಲ. ರೂಟರ್ ಮೊದಲು ಎಲ್ಲರಿಗೂ ಅವರವರ ಲಿಮಿಟ್ ಅಟ್ ಕೊಡುತ್ತದೆ. ಮಿಕ್ಕಿದ್ದನ್ನು ಪ್ರಯಾರಿಟಿ ಪ್ರಕಾರ ಹಂಚುತ್ತದೆ. ಮೂರರ ಲಿಮಿಟ್ ಅಟ್ ಕೂಡಿದರೆ ತಾಯಿಯ 25 ದಾಟಬಾರದು. ಭಾರಕ್ಕೆ 2ಎಂ ಕೊಟ್ಟಿದ್ದು ದಯೆಯಿಂದಲ್ಲ. ಅದು ಪೂರ್ತಿ ಉಸಿರುಗಟ್ಟಿದರೆ ಕ್ಯಾಮೆರಾ ಆಫ್‌ಲೈನ್ ಎಂದು ಫೋನಿಗೆ ಮೆಸೇಜ್ ಬರಲು ಶುರುವಾಗುತ್ತದೆ.

ಯಾರೂ ಕಾಲ್‌ನಲ್ಲಿ ಇಲ್ಲದಾಗ ಭಾರ 24 ಎಂಬಿಪಿಎಸ್‌ವರೆಗೂ ಓಡಬಹುದು. ಕಟ್ಟಿಹಾಕುವುದು ನಮ್ಮ ಉದ್ದೇಶ ಅಲ್ಲ, ಸರದಿ ಇಡುವುದು ಅಷ್ಟೇ.

ಐದನೇ ಹೆಜ್ಜೆ: ನೋಡಿ ನಂಬಿ

ಒಂದು ಫೋನಿನಿಂದ ದೊಡ್ಡ ವಿಡಿಯೋ ಅಪ್‌ಲೋಡ್ ಹಾಕಿ, ಇನ್ನೊಂದರಿಂದ ವಾಟ್ಸಾಪ್ ವಿಡಿಯೋ ಕಾಲ್ ಮಾಡಿ. ಮ್ಯಾಂಗಲ್ ಪಟ್ಟಿಯಲ್ಲಿ ಪ್ರತಿ ನಿಯಮದ ಎದುರು ಪ್ಯಾಕೆಟ್ ಎಣಿಕೆ ಏರುತ್ತಿರಬೇಕು. ತನಗೆ ಸೇರಿದ ಟ್ರಾಫಿಕ್ ಓಡುತ್ತಿದ್ದೂ ಸೊನ್ನೆಯಲ್ಲೇ ನಿಂತ ನಿಯಮ ಕೆಲಸ ಮಾಡುತ್ತಿಲ್ಲ. ಕ್ಯೂ ಟ್ರೀಯಲ್ಲಿ ಭಾರದ ಎದುರು ಡ್ರಾಪ್ಡ್ ಎಣಿಕೆ ಏರಲಿ, ಅದು ಸರಿಯೇ. ಕಾಲ್ ಎದುರು ಡ್ರಾಪ್ ಕಂಡರೆ ಮಾತ್ರ ಅದರ ಲಿಮಿಟ್ ಅಟ್ ಹೆಚ್ಚಿಸಿ. ಮೊದಲು ಮಾಡಿದ ಪಿಂಗ್ ಪರೀಕ್ಷೆಯನ್ನು ಮತ್ತೆ ಮಾಡಿ. 400 ಇದ್ದದ್ದು 40-50ರ ಆಸುಪಾಸಿಗೆ ಬಂದರೆ ಕೆಲಸ ಆಯಿತು. ಇನ್ನೂ ಮೇಲೇ ಇದ್ದರೆ 25ನ್ನು 24, 23 ಎಂದು ಇಳಿಸುತ್ತಾ ಬನ್ನಿ.

ಯಾವುದೋ ಆ್ಯಪ್‌ನ ಕಾಲ್ ಸಾದಾದಲ್ಲೇ ಹೋಗುತ್ತಿದ್ದರೆ ಟೂಲ್ಸ್, ಟಾರ್ಚ್ ತೆರೆದು ಬ್ರಿಡ್ಜ್ ಆರಿಸಿ. ಕಾಲ್ ನಡೆಯುವಾಗ ಯಾವ ಯುಡಿಪಿ ಪೋರ್ಟ್ ಓಡುತ್ತಿದೆ ಎಂದು ಕಣ್ಣಿಗೇ ಕಾಣುತ್ತದೆ. ಅದನ್ನು ಒಂದನೇ ನಿಯಮಕ್ಕೆ ಸೇರಿಸಿ. ಫೈರ್‌ವಾಲ್‌ನ ಕನೆಕ್ಷನ್ಸ್ ಟ್ಯಾಬ್‌ನಲ್ಲಿ ಪ್ರತಿಯೊಂದರ ಮಾರ್ಕ್ ಕೂಡ ನೋಡಬಹುದು.

ಎಲ್ಲ ಸರಿಯಿದ್ದೂ ಅರ್ಧ ಟ್ರಾಫಿಕ್ ಕ್ಯೂನಲ್ಲಿ ಕಾಣದಿದ್ದರೆ ಐಪಿವಿ6 (ಇಂಟರ್ನೆಟ್ ವಿಳಾಸಗಳ ಹೊಸ ಪದ್ಧತಿ) ಕಡೆ ನೋಡಿ. ಲೈನಿನಲ್ಲಿ ಐಪಿವಿ6 ಇದ್ದರೆ ಯೂಟ್ಯೂಬ್, ವಾಟ್ಸಾಪ್ ಎಲ್ಲ ಅದರಲ್ಲೇ ಹೋಗುತ್ತವೆ. ಐಪಿ ಮೆನುವಿನ ಮ್ಯಾಂಗಲ್‌ಗೆ ಅದು ಕಾಣುವುದಿಲ್ಲ. ಐಪಿವಿ6, ಫೈರ್‌ವಾಲ್, ಮ್ಯಾಂಗಲ್‌ನಲ್ಲಿ ಇದೇ ನಿಯಮಗಳನ್ನು ಇನ್ನೊಮ್ಮೆ ಬರೆಯಬೇಕು. ಹೆಸರು ಅವೇ ಇರಲಿ, ಕ್ಯೂ ಟ್ರೀಯಲ್ಲಿ ಏನೂ ಬದಲಿಸಬೇಕಿಲ್ಲ. ಐಪಿವಿ6 ವಿಳಾಸಗಳು ಬದಲಾಗುತ್ತಿರುತ್ತವೆ. ಆದ್ದರಿಂದ ಲ್ಯಾಪ್‌ಟಾಪ್ ಮತ್ತು ಡಿವಿಆರ್‌ಗೆ ಅಡ್ವಾನ್ಸ್ಡ್ ಟ್ಯಾಬ್‌ನ ಸೋರ್ಸ್ ಮ್ಯಾಕ್ ಅಡ್ರೆಸ್ (ಸಾಧನದ ಹಾರ್ಡ್‌ವೇರ್ ವಿಳಾಸ) ಬಳಸಿ. ಅಲ್ಲೂ ಫಾಸ್ಟ್‌ಟ್ರ್ಯಾಕ್ ನಿಯಮ ಇದ್ದರೆ ಡಿಸೇಬಲ್ ಮಾಡಿ.

ಮನೆಯಲ್ಲಿ ಬೇರೆ ವೈಫೈ ಪೆಟ್ಟಿಗೆಗಳಿದ್ದರೆ

ದೊಡ್ಡ ಮನೆಗಳಲ್ಲಿ ಜಗಲಿಗೊಂದು, ಮಾಳಿಗೆಗೊಂದು ಆ್ಯಕ್ಸೆಸ್ ಪಾಯಿಂಟ್ ಇರುತ್ತದೆ. ಮೈಕ್ರೋಟಿಕ್‌ನ ಮಾರ್ಕ್ ಅವುಗಳಿಗೆ ತಲುಪುವುದಿಲ್ಲ. ತಲುಪುವುದು ಡಿಎಸ್‌ಸಿಪಿ. ಅದು ಪ್ಯಾಕೆಟ್‌ನ ಐಪಿ ಹೆಡರ್‌ನಲ್ಲೇ ಇರುವ ಆರು ಬಿಟ್‌ನ ಅಂಕಿ, 0ಯಿಂದ 63. ಮ್ಯಾಂಗಲ್‌ನಲ್ಲಿ ಪೋಸ್ಟ್‌ರೂಟಿಂಗ್ ಚೈನ್, ಪ್ಯಾಕೆಟ್ ಮಾರ್ಕ್ ಕಾಲ್-ಪಿ, ಆಕ್ಷನ್ ಚೇಂಜ್ ಡಿಎಸ್‌ಸಿಪಿ, ಅಂಕಿ 46 ಎಂದು ಒಂದು ನಿಯಮ ಹಾಕಿ. 46 ಧ್ವನಿಗೆಂದೇ ಬಳಕೆಯಲ್ಲಿರುವ ಅಂಕಿ. ಆದರೆ ಹಲವು ಪೆಟ್ಟಿಗೆಗಳು ಮೊದಲ ಮೂರು ಬಿಟ್ ಮಾತ್ರ ನೋಡಿ 46ನ್ನು ಧ್ವನಿಯ ಬದಲು ವಿಡಿಯೋ ಸಾಲಿಗೆ ಹಾಕುತ್ತವೆ. 2018ರ ಆರ್‌ಎಫ್‌ಸಿ 8325 ಎಂಬ ಇಂಟರ್ನೆಟ್ ಮಾನದಂಡ ಇದನ್ನು ಸರಿಪಡಿಸುವ ಕ್ರಮ ಹೇಳಿದೆ, ಹಳೆಯ ಪೆಟ್ಟಿಗೆಗಳು ಅದನ್ನು ಓದಿಲ್ಲ. ವಿಡಿಯೋ ಸಾಲಾದರೂ ಸಾದಾ ಸಾಲಿಗಿಂತ ಮೇಲೆಯೇ, ಪರವಾಗಿಲ್ಲ. ಇಂಟರ್ನೆಟ್ ಕಂಪನಿ ಈ ಅಂಕಿಗೆ ಮರ್ಯಾದೆ ಕೊಡುತ್ತದೆ ಎಂದು ಮಾತ್ರ ನೆಚ್ಚಿಕೊಳ್ಳಬೇಡಿ.

ಯಕ್ಷಗಾನ ಲೈವ್ ಇದ್ದ ದಿನ

ಊರಿನ ಸಭಾಭವನದ ಲೈನಿನಿಂದ ಆಟದ ನೇರ ಪ್ರಸಾರ ಮಾಡುವವರಿಗೆ ಮೇಲಿನ ಆರನೆಯ ನಿಯಮ ಮುಳುವಾಗುತ್ತದೆ. ಲೈವ್ ಹೋಗುವುದೂ ಟಿಸಿಪಿಯಲ್ಲೇ, ಕೆಲವೇ ಸೆಕೆಂಡಿನಲ್ಲಿ 10 ಎಂಬಿ ದಾಟಿ ಭಾರವಾಗುತ್ತದೆ, ಚಂಡೆ ಬಾರಿಸುವ ಹೊತ್ತಿಗೆ ಚಿತ್ರ ನಿಲ್ಲುತ್ತದೆ. ಲೈವ್ ಕಳಿಸುವ ಲ್ಯಾಪ್‌ಟಾಪಿಗೆ ವಿಳಾಸ ಗಟ್ಟಿ ಮಾಡಿ. ಅದರ ಸೋರ್ಸ್ ಅಡ್ರೆಸ್‌ನಿಂದ ಬರುವ ಟಿಸಿಪಿ 1935 ಮತ್ತು 443 ಪೋರ್ಟ್‌ಗಳನ್ನು, ನೋ-ಮಾರ್ಕ್ ಷರತ್ತಿನೊಂದಿಗೆ, ಕಾಲ್-ಸಿಗೆ ಸೇರಿಸುವ ನಿಯಮವನ್ನು ಎಲ್ಲಕ್ಕಿಂತ ಮೇಲೆ ಇಡಿ. ಅಪ್‌ಲೋಡ್ ಕಡೆಯ ಕಾಲ್ ಕ್ಯೂಗೆ ಲಿಮಿಟ್ ಅಟ್ 10ಎಂ ಮಾಡಿ. ಆ ಲ್ಯಾಪ್‌ಟಾಪಿನಲ್ಲಿ ಅವತ್ತು ಬೇರೆ ಯಾವ ಅಪ್‌ಡೇಟೂ ನಡೆಯದಂತೆ ನೋಡಿಕೊಳ್ಳಿ. ಮರುದಿನ ಈ ನಿಯಮ ಡಿಸೇಬಲ್ ಮಾಡಿ.

ಪ್ಲಾನಿನ ಡೇಟಾ ಮುಗಿದರೆ

ಎಷ್ಟೋ ಪ್ಲಾನ್‌ಗಳಲ್ಲಿ ತಿಂಗಳ ಡೇಟಾ ಮುಗಿದ ಮೇಲೆ ವೇಗ ಇಳಿಯುತ್ತದೆ. ಲೈನ್ 4 ಎಂಬಿಪಿಎಸ್‌ಗೆ ಇಳಿದಾಗ ನಿಮ್ಮ 25ಎಂ ಮಿತಿ ತುಂಬುವುದೇ ಇಲ್ಲ. ರಾಶಿ ಮತ್ತೆ ಕಂಪನಿಯ ಕಡೆಗೆ ಹೋಗುತ್ತದೆ, ಮಾರ್ಕ್‌ಗಳು ಇದ್ದೂ ಇಲ್ಲದಂತೆ. ಆವಾಗ ಎರಡೂ ತಾಯಿ ಕ್ಯೂಗಳ ಮ್ಯಾಕ್ಸ್ ಲಿಮಿಟ್ 3500ಕೆ ಮಾಡಿ. ಕಾಲ್‌ಗೆ ಲಿಮಿಟ್ ಅಟ್ 2ಎಂ, ಸಾದಾಗೆ 1ಎಂ, ಭಾರಕ್ಕೆ 200ಕೆ. ಈ ಅಂಕಿಗಳನ್ನು ಕ್ಯೂನ ಕಾಮೆಂಟ್ ಜಾಗದಲ್ಲೇ ಬರೆದಿಟ್ಟರೆ ತಿಂಗಳ ಕೊನೆಯಲ್ಲಿ ಹುಡುಕಬೇಕಾಗುವುದಿಲ್ಲ. ಹೊಸ ತಿಂಗಳು ಶುರುವಾದಾಗ ವಾಪಸ್ ಹಳೆಯ ಅಂಕಿಗೆ ತನ್ನಿ, ಇಲ್ಲದಿದ್ದರೆ 30ರ ಪ್ಲಾನಿಗೆ ದುಡ್ಡು ಕೊಟ್ಟು ಮೂರೂವರೆಯಲ್ಲಿ ಕೂರಬೇಕಾಗುತ್ತದೆ.